ತೊಟ್ಟಿಯ ಜೀವ ಹೋದ ವಾರ

ಗಾಳಿ ತೊಟ್ಟಿಯಲ್ಲಿ ಆಕ್ಸಿಜನ್ ಏರಿದೆ ಎಂದು ಆಪರೇಟರ್ ಬಂದು ಹೇಳಿದಾಗ ನಾನು ಆಗಷ್ಟೇ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದೆ. ಅವನು ಖುಷಿಯಲ್ಲಿದ್ದ. "ಮೇಡಂ, ಒಂದು ಬ್ಲೋವರ್ ಆಫ್ ಮಾಡ್ಬೋದು. ಕರೆಂಟಾದ್ರೂ ಉಳೀತದೆ" ಎಂದ. ಕೆಲಸಕ್ಕೆ ಹೊಸಬ. ನಾನು ಹೆಲ್ಮೆಟ್ ಕೈಯಲ್ಲೇ ಹಿಡಿದು ತೊಟ್ಟಿಯ ಕಡೆ ಓಡಿದೆ.

ಹಿಂದಿನ ದಿನ ಊದಿದಷ್ಟೇ ಗಾಳಿಯನ್ನು ಇವತ್ತೂ ಊದುತ್ತಿದ್ದೇವೆ. ಆದರೂ ನೀರಿನಲ್ಲಿ ಆಕ್ಸಿಜನ್ ಹೆಚ್ಚು ಉಳಿದಿದೆ. ಅಂದರೆ ಅದನ್ನು ಉಸಿರಾಡುತ್ತಿದ್ದ ಜೀವಗಳು ಉಸಿರಾಡುತ್ತಿಲ್ಲ.

ನಾನು ಮೈಸೂರಿನ ಅಂಚಿನ ಒಂದು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಮಿಸ್ಟ್. ಪ್ಲಾಂಟ್ ಎನ್ನುತ್ತೇವೆ. ಊರಿನ ಒಂದು ಭಾಗದ ಬಚ್ಚಲು, ಪಾಯಿಖಾನೆ, ಅಡುಗೆಮನೆಗಳ ನೀರೆಲ್ಲ ನಮ್ಮಲ್ಲಿಗೆ ಬಂದು, ಶುದ್ಧವಾಗಿ, ಕೆಳಗಿನ ಕೆರೆಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಕೊಳೆ ತೆಗೆಯುವುದು ದೊಡ್ಡ ಕೆಲಸವಲ್ಲ. ಕಾಣದೆ ಕರಗಿ ಕುಳಿತಿರುವ ಸಾರಜನಕ ಮತ್ತು ರಂಜಕವೇ ಕಷ್ಟ. ಮೂತ್ರದಿಂದ ಬರುವ ಸಾರಜನಕ ಅಮೋನಿಯಾ ಆಗಿ ಮೀನನ್ನು ಕೊಲ್ಲುತ್ತದೆ. ಮಲದಿಂದಲೂ ಸೋಪಿನಿಂದಲೂ ಬರುವ ರಂಜಕ ಕೆರೆಗೆ ಗೊಬ್ಬರವಾಗಿ, ದಡದಿಂದ ದಡಕ್ಕೆ ಅಂತರಗಂಗೆ ಹಬ್ಬಿಸುತ್ತದೆ. ಇವೆರಡನ್ನೂ ನಮ್ಮಲ್ಲಿ ತೆಗೆಯುವುದು ಔಷಧಿ ಹಾಕಿ ಅಲ್ಲ. ತೊಟ್ಟಿಗಳಲ್ಲಿ ಸಾಕಿಕೊಂಡ ಸೂಕ್ಷ್ಮಜೀವಿಗಳು ತೆಗೆಯುತ್ತವೆ. ಒಂದು ಜಾತಿ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಇನ್ನೊಂದು ಗಾಳಿಯಿಲ್ಲದ ತೊಟ್ಟಿಯಲ್ಲಿ ಆ ನೈಟ್ರೇಟನ್ನು ಮುರಿದು ಸಾರಜನಕವನ್ನು ಗುಳ್ಳೆಯಾಗಿ ಆಕಾಶಕ್ಕೆ ಬಿಡುತ್ತದೆ. ಮತ್ತೊಂದು ಜಾತಿಯದು ವಿಚಿತ್ರ ಸ್ವಭಾವ. ಮೊದಲು ಗಾಳಿಯಿಲ್ಲದ ಕಡೆ ಉಸಿರುಗಟ್ಟಿಸಿಟ್ಟು ಆಮೇಲೆ ಗಾಳಿ ಕೊಟ್ಟರೆ, ರಂಜಕವನ್ನು ದುರಾಸೆಯಿಂದ ನುಂಗಿ ಹೊಟ್ಟೆಯಲ್ಲಿ ಕೂಡಿಡುತ್ತದೆ. ಇವೆಲ್ಲ ಒಟ್ಟಾಗಿ ಇರುವ ಕಂದು ಕೆಸರಿಗೆ ಸ್ಲಡ್ಜ್ ಎಂದು ಹೆಸರು. ನಮಗೆ ಅದೇ ಹೆಪ್ಪು, ಅದೇ ಬಂಡವಾಳ.

ಆ ಬೆಳಿಗ್ಗೆ ಒಂದು ತೊಟ್ಟು ಸ್ಲಡ್ಜನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ದಿನವೂ ಅಲ್ಲಿ ಗಂಟೆಯಾಕಾರದ ಪುಟ್ಟ ಜೀವಿಗಳು ದಂಟಿನ ಮೇಲೆ ನಿಂತು ಬಾಯಿ ತೆರೆದು ಮುಚ್ಚಿ ಮಾಡುತ್ತಿರುತ್ತವೆ. ಅವತ್ತು ಎಲ್ಲವೂ ಬಾಯಿ ಮುಚ್ಚಿಕೊಂಡು ಮುದುರಿದ್ದವು. ಕೆಲವು ದಂಟಿನಿಂದ ಕಳಚಿ ಸುಮ್ಮನೆ ತೇಲುತ್ತಿದ್ದವು. ಹೊರಹೋಗುವ ನೀರಿನ ಅಮೋನಿಯಾ ನೋಡಿದೆ. ಒಳಗೆ ಬಂದದ್ದು ಹೆಚ್ಚುಕಡಿಮೆ ಹಾಗೆಯೇ ಹೊರಗೆ ಹೋಗುತ್ತಿತ್ತು. ರಂಜಕದ ಲೆಕ್ಕ ಇನ್ನೂ ಕೆಟ್ಟಿತ್ತು. ನುಂಗಿಟ್ಟುಕೊಂಡಿದ್ದ ಜೀವಿಗಳು ಸಾಯುತ್ತ ಅದನ್ನೆಲ್ಲ ನೀರಿಗೇ ವಾಪಸು ಕೊಡುತ್ತಿದ್ದವು. ಒಳಗೆ ಬಂದದ್ದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿ.

ನಮ್ಮ ಇಂಜಿನಿಯರ್ ಹೆಚ್ಚು ಮಾತಿನವರಲ್ಲ. ವರದಿ ನೋಡಿದವರೇ ಕೆರೆಯ ಕಡೆಯ ಗೇಟು ಮುಚ್ಚಿಸಿ, ನೀರನ್ನು ಹಳೆಯ ಲಗೂನಿಗೆ ತಿರುಗಿಸಿದರು. ಈ ತೊಟ್ಟಿಗಳು ಬರುವ ಮೊದಲು ಕೊಳಚೆ ನಿಲ್ಲಿಸುತ್ತಿದ್ದ ದೊಡ್ಡ ಹೊಂಡ ಅದು. ಈಚೆಗೆ ಖಾಲಿ ಇತ್ತು, ಒಳಗೆ ಹುಲ್ಲು ಬೆಳೆದಿತ್ತು.

"ಇದು ತುಂಬೋವರೆಗೂ ಟೈಮಿದೆ. ಆಮೇಲೆ ಏರಿ ಒಡೆಯೋ ಬದಲು ಕೆರೆಗೇ ಬಿಡಬೇಕಾಗ್ತದೆ" ಎಂದರು. ಊರಿನವರು ನೀರು ಬಳಸುವುದನ್ನು ನಿಲ್ಲಿಸುವಂತಿಲ್ಲವಲ್ಲ.

ಇಷ್ಟು ಬೇಗ ಎಲ್ಲವೂ ಸಾಯಬೇಕಾದರೆ ನೀರಿನ ಜೊತೆ ವಿಷ ಬಂದಿರಬೇಕು. ಅದು ಎಲ್ಲಿಂದ ಬಂತು ಎಂದು ಇಬ್ಬರೂ ಹುಡುಕಿಕೊಂಡು ಹೊರಟೆವು. ದೊಡ್ಡ ಪೈಪಿನ ಬಾಯಲ್ಲಿ ಏನೂ ಕಾಣಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಗುಂಡಿಯಿದೆ. ಒಳಚರಂಡಿ ಇಲ್ಲದ ಬಡಾವಣೆಗಳ ಸೆಪ್ಟಿಕ್ ಟ್ಯಾಂಕುಗಳನ್ನು ಹೀರಿ ತರುವ ಟ್ಯಾಂಕರುಗಳು ಅಲ್ಲಿ ಖಾಲಿ ಮಾಡುತ್ತವೆ. ಆ ಗುಂಡಿಗೆ ಅಡ್ಡಲಾಗಿ ಕಸ ತಡೆಯುವ ಕಬ್ಬಿಣದ ಸರಳುಗಳಿವೆ. ನೀರು ಹೊಡೆದು ತೊಳೆಸಿದಾಗ ಅವು ಕೆಂಪಗೆ ಹೊಳೆದವು. ಅಜ್ಜಿಮನೆಯ ಹಂಡೆಯ ಹಾಗೆ.

"ತಾಮ್ರ ಸರ್" ಎಂದೆ. ತಾಮ್ರ ಕರಗಿದ ಆಮ್ಲದ ನೀರು ಕಬ್ಬಿಣಕ್ಕೆ ತಗುಲಿದರೆ ಮಾತ್ರ ಹಾಗೆ ಲೇಪ ಕೂರುತ್ತದೆ. ಯಾರದೋ ಪಾಯಿಖಾನೆ ಗುಂಡಿಯಿಂದ ಬರುವಂಥದ್ದಲ್ಲ ಅದು. ಲೋಹಕ್ಕೆ ಲೇಪ ಹಾಕುವ ಯಾವುದೋ ಶೆಡ್ಡಿನ ನೀರನ್ನು ಯಾರೋ ಟ್ಯಾಂಕರಿನಲ್ಲಿ ತಂದು ಸುರಿದಿದ್ದಾರೆ.

ಇಂಜಿನಿಯರ್ ಅವತ್ತೇ ಎಲ್ಲ ಟ್ಯಾಂಕರುಗಳನ್ನೂ ಗೇಟಿನಲ್ಲೇ ತಡೆದರು. ಮಧ್ಯಾಹ್ನದ ಹೊತ್ತಿಗೆ ತುಂಬಿದ ಗಾಡಿಗಳು ರಸ್ತೆಯಲ್ಲಿ ಸಾಲು ನಿಂತಿದ್ದವು. ಡ್ರೈವರುಗಳು ಒಬ್ಬರ ಮೇಲೊಬ್ಬರು ಅನುಮಾನಪಡುತ್ತ, ಬೈದಾಡುತ್ತಿದ್ದರು. ಇಲ್ಲಿಗೇ ಟ್ಯಾಂಕರ್ ತರುವ ನನ್ನ ಮೈದುನನ ಗಾಡಿ ಆ ಸಾಲಿನಲ್ಲಿ ಇರಲಿಲ್ಲ. ನಾನು ಸುಮ್ಮನೆ ಅದನ್ನು ಗಮನಿಸಿದೆ. ಆಗ ಬೇರೇನೂ ಹೊಳೆಯಲಿಲ್ಲ.

ಮೈದುನನ ವಿಷಯ ಹೇಳಬೇಕು. ನನ್ನ ಗಂಡ ಕಡಕೊಳದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಗಾರ. ಅವರ ತಮ್ಮ ನಮ್ಮ ಜೊತೆಯಲ್ಲೇ ಇದ್ದಾನೆ. ಮಾವ ನಂಜನಗೂಡು ಕಡೆಯ ಹಳ್ಳಿಯಿಂದ ಬಂದು ಮ್ಯಾನ್‌ಹೋಲುಗಳಿಗೆ ಇಳಿಯುವ ಕೆಲಸ ಮಾಡಿದವರು. ಎದೆ ಕೆಟ್ಟು, ನಾನು ಆ ಮನೆಗೆ ಬರುವ ಮೊದಲೇ ಹೋಗಿದ್ದರು. ಮೈದುನ ಸಾಲಸೋಲ ಮಾಡಿ ಟ್ಯಾಂಕರ್ ಕೊಂಡಾಗ ಅತ್ತೆ ಅತ್ತುಬಿಟ್ಟರು. ನಮ್ಮದು ಬೌದ್ಧರ ಮನೆ, ಗಾಡಿಗೆ ಕುಂಬಳಕಾಯಿ ಒಡೆಯುವುದಿಲ್ಲ. ಆದರೂ ಅತ್ತೆ ಆಯುಧಪೂಜೆಯ ದಿನ ಸುಮ್ಮನಿರಲಾರದೆ ಚೆಂಡುಹೂವಿನ ಹಾರ ತಂದು ಅದರ ಮೂತಿಗೆ ಹಾಕಿದ್ದರು. "ಅಪ್ಪ ಇಳೀತಿದ್ದ ಗುಂಡೀಗೆ ನಾನು ಪೈಪ್ ಇಳಿಸ್ತೀನಿ ಅತ್ಗೆ, ಅಷ್ಟೇ ಸಾಕು ನಂಗೆ" ಎಂದು ಅವನು ಒಮ್ಮೆ ಹೇಳಿದ್ದ. ಆ ಮಾತಿಗಾಗಿ ಅವನ ಮೇಲೆ ನನಗೆ ಗೌರವವಿತ್ತು.

ಸಂಜೆ ಮನೆಗೆ ಬಂದಾಗ ಪಕ್ಕದ ಖಾಲಿ ಸೈಟಿನಲ್ಲಿ ಅವನು ಗಾಡಿ ತೊಳೆಯುತ್ತಿದ್ದ. ಹೀರುವ ಪೈಪಿನ ತುದಿಯ ಕಬ್ಬಿಣದ ಬಾಯಿ ನೆಲದ ಮೇಲೆ ಬಿದ್ದಿತ್ತು. ಸಂಜೆಯ ಬಿಸಿಲಿಗೆ ಅದು ಹೊಳೆಯಿತು.

ಸ್ಕೂಟರಿನಿಂದ ಇಳಿದವಳು ಅಲ್ಲೇ ನಿಂತುಬಿಟ್ಟೆ.

"ಏನೋ ಇದು, ಕೆಂಪಗೆ?"

"ತುಕ್ಕು ಅತ್ಗೆ."

"ತುಕ್ಕು ಹೊಳೀತದಾ?"

ಅವನು ನಲ್ಲಿ ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. ಪ್ಲಾಂಟಿನಲ್ಲಿ ಗಾಡಿಗಳನ್ನು ತಡೆದ ಸುದ್ದಿ ಅವನಿಗೂ ತಲುಪಿತ್ತು.

"ಒಂದು ಶೆಡ್ಡಿನೋರು ಕರೆದ್ರು. ಗುಂಡಿ ತುಂಬೋಗದೆ, ಬರೀ ತೊಳೆದ ನೀರು, ತಗೊಂಡೋಗಿ ಅಂದ್ರು. ನೀಲಿ ನೀರು. ನಾನು ಬಟ್ಟೆಗೆ ಹಾಕೋ ನೀಲಿ ಇರ್ಬೇಕು ಅಂದ್ಕೊಂಡೆ."

"ನಿಜವಾಗ್ಲೂ ಅಂಗಂದ್ಕೊಂಡ್ಯಾ?"

ಅವನು ಪೈಪು ಸುತ್ತತೊಡಗಿದ. "ಮೊದಲ್ನೇ ಲೋಡಲ್ಲಿ ಅಂದ್ಕೊಂಡೆ" ಎಂದ.

ಅಂದರೆ ಒಂದು ಲೋಡಲ್ಲ. ಆಮೇಲಿನವನ್ನು ಗೊತ್ತಿದ್ದೂ ತಂದಿದ್ದಾನೆ, ಇಲ್ಲವೇ ಗೊತ್ತುಮಾಡಿಕೊಳ್ಳುವುದು ಬೇಡ ಎಂದುಕೊಂಡು ತಂದಿದ್ದಾನೆ. ಅದೂ ನಾನು ಕೆಲಸ ಮಾಡುವ ಜಾಗಕ್ಕೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಿರುಚಲಿಲ್ಲ. ಆ ನೀರಿನಲ್ಲಿ ತಾಮ್ರ ಮಾತ್ರ ಇತ್ತೋ, ಲೇಪದ ಕೆಲಸದಲ್ಲಿ ಕೆಲವರು ಬಳಸುವ ಸಯನೈಡೂ ಇತ್ತೋ ಎಂಬುದು ಗೊತ್ತಾಗಬೇಕಿತ್ತು. ಇದ್ದರೆ ಆ ಗುಂಡಿಯ ಹತ್ತಿರ ಕೆಲಸ ಮಾಡುವವರ ಜೀವದ ಪ್ರಶ್ನೆ.

"ಬೆಳಗ್ಗೆ ನನ್ಜೊತೆ ಬಂದು ಸರ್ ಹತ್ರ ನೀನೇ ಹೇಳು" ಎಂದೆ.

"ಲೈಸೆನ್ಸ್ ಹೋಯ್ತದೆ ಅತ್ಗೆ. ಗಾಡಿ ಹಿಡೀತಾರೆ. ಮುಚ್ಚಾಕ್ಬುಡಿ, ನಿಮ್ ಕಾಲಿಗೆ ಬೀಳ್ತೀನಿ."

"ನೀನು ಹೇಳ್ದಿದ್ರೆ ನಾನು ಹೇಳ್ತೀನಿ."

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಇಳಿದು ಬಂದು ಅವನಿಗೂ ನನಗೂ ನಡುವೆ ನಿಂತರು.

"ಏನವ್ವಾ, ಮನೆ ಮಗನ್ನೇ ಹಿಡಿದು ಕೊಡ್ತೀಯಾ? ಆ ಗುಂಡೀಲಿ ಇಳಿದು ಇಳಿದು ಇವರಪ್ಪ ಹೋದ. ಇವನು ಇಳೀದೇ ಅನ್ನ ತಿಂತಾವ್ನೆ. ಅದನ್ನೂ ಕಿತ್ಕೋತೀಯಾ?"

"ಅತ್ತೆ, ಅಲ್ಲೂ ಗುಂಡಿ ಪಕ್ಕ ಕೆಲಸ ಮಾಡೋರಿದ್ದಾರೆ. ಅವ್ರೂ ಮನೆ ಮಕ್ಕಳೇ."

ಅವರು ಒಳಗೆ ಹೋಗಿ ಒಲೆ ಆರಿಸಿದರು. ಅನ್ನ ಅರ್ಧ ಬೆಂದಿತ್ತು.

ನಾನು ಇಂಜಿನಿಯರಿಗೆ ಫೋನು ಮಾಡಿ, ಗುಂಡಿಯ ಹತ್ತಿರ ಯಾರನ್ನೂ ಬಿಡಬೇಡಿ, ಆ ನೀರಿನಲ್ಲಿ ಇನ್ನೇನಿದೆಯೋ ಗೊತ್ತಿಲ್ಲ, ಬೆಳಿಗ್ಗೆ ಬಂದು ಹೇಳುತ್ತೇನೆ ಎಂದೆ. ಅವರು ಏಕೆಂದು ಕೇಳಲಿಲ್ಲ. ಗಂಡ ಶಿಫ್ಟ್ ಮುಗಿಸಿ ಬಂದಾಗ ನಡೆದದ್ದು ಹೇಳಿದೆ. ಅವರು ಊಟದ ತಟ್ಟೆ ದೂರ ಸರಿಸಿ, "ಅವನೇ ಹೇಳಲಿ. ಬೆಳಗಾಗೋವರೆಗೂ ತಡ್ಕೋ" ಎಂದರು. ಅಷ್ಟೇ. ನನ್ನ ಪರವೋ ತಮ್ಮನ ಪರವೋ ಎಂದು ಅವರ ದನಿಯಿಂದ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದಾಗ ಮೈದುನನ ಹಾಸಿಗೆ ಖಾಲಿ. ಸೈಟಿನಲ್ಲಿ ಗಾಡಿಯೂ ಇಲ್ಲ. ಒದ್ದೆ ನೆಲದಲ್ಲಿ ಟೈರಿನ ಗುರುತು ಮಾತ್ರ ಇತ್ತು. ಫೋನ್ ಸ್ವಿಚ್ಡ್ ಆಫ್. ಅತ್ತೆ ನನ್ನ ಕಡೆ ನೋಡದೆ ಬಾಗಿಲ ಮುಂದೆ ನೀರು ಹಾಕುತ್ತಿದ್ದರು. ಎಲ್ಲಿಗೆ ಹೋದ ಎಂದು ಕೇಳಿದ್ದಕ್ಕೆ, "ನಿನಗ್ಯಾಕೆ?" ಎಂದರು.

ಪ್ಲಾಂಟಿಗೆ ಹೋಗುವ ದಾರಿಯುದ್ದಕ್ಕೂ, ಉಳಿದದ್ದನ್ನು ಎಲ್ಲಾದರೂ ಮೋರಿಗೆ ಬಿಟ್ಟು ಗಾಡಿ ಬಚ್ಚಿಡಲು ಹೋಗಿದ್ದಾನೆಯೇ ಎಂದು ತಲೆ ತಿನ್ನುತ್ತಿತ್ತು. ಲಗೂನಿನ ಏರಿಯ ಮೇಲೆ ಇಂಜಿನಿಯರ್ ನಿಂತಿದ್ದರು. ನೀರು ಆಗಲೇ ಒಳಗಿನ ಹುಲ್ಲನ್ನು ಮುಚ್ಚಿ, ಏರಿಯ ಕಲ್ಲುಗಳನ್ನು ಹತ್ತುತ್ತಿತ್ತು. ಅಲ್ಲೇ ನಿಂತು ಹೇಳಿದೆ.

"ಸರ್, ತಾಮ್ರದ ನೀರು ತಂದಿದ್ದು ನನ್ನ ಮೈದುನ."

ಅವರು ನನ್ನ ಕಡೆ ತಿರುಗಿದರು. "ನೀವು ಇದರಿಂದ ದೂರ ಇರ್ತೀರಾ? ರಜೆ ಹಾಕಿ. ಯಾರೂ ಏನೂ ಅನ್ನಲ್ಲ" ಎಂದರು. ಅದು ದಯೆಯ ಮಾತು. ಆದರೆ ಲ್ಯಾಬಿನಲ್ಲಿ ನನ್ನ ಬದಲು ಇನ್ನೊಬ್ಬರಿಲ್ಲ.

"ಬೇಡ ಸರ್" ಎಂದೆ.

ಆಗಲೇ ಗೇಟಿನ ಕಡೆಯಿಂದ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಮೈದುನ ಟ್ಯಾಂಕರ್ ತಂದು ನಿಲ್ಲಿಸಿದ್ದ. ಪೈಪಿನ ಕೆಂಪು ಬಾಯಿ ಕಂಡ ಒಬ್ಬ ಡ್ರೈವರ್ ಅವನ ಅಂಗಿಯ ಕಾಲರ್ ಹಿಡಿದಿದ್ದ. "ನಿನ್ನಿಂದ ಎಲ್ಲರ ಹೊಟ್ಟೆ ಮ್ಯಾಲೆ ಕಲ್ಲು ಬಿತ್ತಲ್ಲೋ!" ಮೈದುನ ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ. ಎಲ್ಲರೆದುರಿಗೆ, "ನಂದೇ ಗಾಡಿ. ನಾನೇ ಸುರಿದಿದ್ದು" ಎಂದ. ಇಂಜಿನಿಯರ್ ನಡುವೆ ಹೋಗಿ ಬಿಡಿಸಿದರು. ನನಗೆ ಹೋಗಿ ಬಿಡಿಸಬೇಕೆನಿಸಿತು, ಒಂದು ಏಟು ಬೀಳಲಿ ಎಂದೂ ಅನಿಸಿತು. ಎರಡರ ನಡುವೆ ನಿಂತೇ ಇದ್ದೆ.

ಅವನು ನಸುಕಿನಲ್ಲೇ ಆ ಶೆಡ್ಡಿಗೆ ಹೋಗಿದ್ದನಂತೆ. ನೀರಿನಲ್ಲಿ ಏನಿದೆ ಹೇಳಿ ಎಂದು ಕೇಳಿದರೆ ಅವರು ಗೇಟು ಹಾಕಿಕೊಂಡು, ನೀನು ಯಾರೋ ಗೊತ್ತೇ ಇಲ್ಲ ಎಂದರಂತೆ. ತನ್ನ ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಒಂದು ಕ್ಯಾನಿಗೆ ಹಿಡಿದುಕೊಂಡು ಬಂದಿದ್ದ. ಆ ಕ್ಯಾನನ್ನು ನನ್ನ ಕೈಗೆ ಕೊಟ್ಟ.

ನಾವು ಅದನ್ನು ಪರೀಕ್ಷೆಗೆ ಹೊರಗಿನ ಲ್ಯಾಬಿಗೂ ಕಳಿಸಿದೆವು. ಸಯನೈಡ್ ಇರಲಿಲ್ಲ. ಬರೀ ಆಮ್ಲ ಮತ್ತು ತಾಮ್ರ. ಆ ಸುದ್ದಿ ಬಂದಾಗ ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆದರೆ ತೊಟ್ಟಿ ಸತ್ತೇ ಇತ್ತು. ಅಮೋನಿಯಾ ತಿನ್ನುವ ಜಾತಿ ಬಹಳ ನಿಧಾನವಾಗಿ ಮರಿ ಹಾಕುತ್ತದೆ. ತಾನಾಗಿ ಮತ್ತೆ ಹೆಚ್ಚಲಿ ಎಂದು ಕಾದರೆ ವಾರಗಟ್ಟಲೆ ಬೇಕು. ಲಗೂನು ಅಷ್ಟು ದಿನ ಕಾಯುವುದಿಲ್ಲ. ಉಳಿದದ್ದು ಒಂದೇ ದಾರಿ. ಮೊಸರು ಕೆಟ್ಟರೆ ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ, ಬೇರೆ ಪ್ಲಾಂಟಿನಿಂದ ಜೀವಂತ ಸ್ಲಡ್ಜ್ ತರಬೇಕು. ಇಲವಾಲದ ಕಡೆಯ ಒಂದು ದೊಡ್ಡ ಕ್ಯಾಂಪಸ್ಸಿನಲ್ಲಿ ನಮ್ಮ ಥರದ್ದೇ ಚಿಕ್ಕ ಪ್ಲಾಂಟ್ ಇತ್ತು. ಅವರು ಕೊಡಲು ಒಪ್ಪಿದರು. ಮುಚ್ಚಿದ ಟ್ಯಾಂಕರಿನಲ್ಲಿ ಗಾಳಿಯಿಲ್ಲದೆ ಹೆಚ್ಚು ಹೊತ್ತು ಇಟ್ಟರೆ ಅದೂ ಕೆಡುತ್ತದೆ. ತುಂಬಿದ ತಕ್ಷಣ ಹೊರಟು, ಎಲ್ಲೂ ನಿಲ್ಲದೆ ಬರಬೇಕು. ಟ್ಯಾಂಕರುಗಳು ಬೇಕಿದ್ದವು. ಗೇಟಿನ ಹೊರಗೆ ಕೆಲಸವಿಲ್ಲದೆ ನಿಂತಿದ್ದ ಡ್ರೈವರುಗಳನ್ನು ಇಂಜಿನಿಯರ್ ಕರೆದು ಕೇಳಿದರು. ಕೆಲವರು ಒಪ್ಪಿದರು.

ಮೈದುನ ಮುಂದೆ ಬಂದ. "ಸರ್, ನನ್ ಗಾಡೀನೂ ತಗೊಳ್ಳಿ. ಎಷ್ಟು ಟ್ರಿಪ್ ಆದ್ರೂ ಹೊಡೀತೀನಿ. ದುಡ್ಡು ಬೇಡ."

ಇಂಜಿನಿಯರ್ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು.

"ಆ ಗಾಡಿ ಬೇಡ ಸರ್" ಎಂದೆ. "ಒಳಗೆಲ್ಲ ತಾಮ್ರ ಕೂತಿದೆ. ಎಷ್ಟು ತೊಳೆದ್ರೂ ನಂಬೋಕಾಗಲ್ಲ. ದಾರೀಲೇ ಸಾಯ್ತವೆ."

ಮೈದುನ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ಕಾಲರ್ ಹಿಡಿದಾಗ ಇಲ್ಲದ ಅವಮಾನ ಅಲ್ಲಿತ್ತು. ಗಾಡಿ ಹತ್ತಿ ಹೊರಟುಹೋದ.

ವಿಷ ಹಿಡಿದ ಹಳೆಯ ಸ್ಲಡ್ಜಿನಲ್ಲಿ ಆದಷ್ಟನ್ನೂ ತೆಗೆದು ಬೇರೆ ಹೊಂಡಕ್ಕೆ ಹಾಕಿಸಿದೆವು. ಒಣಗಿದ ಸ್ಲಡ್ಜನ್ನು ಹೊಲಕ್ಕೆ ಒಯ್ಯುತ್ತಿದ್ದ ರೈತರಿಗೆ ಈ ಸಲ ಇಲ್ಲವೆಂದೆವು. ಆಮೇಲೆ ಟ್ಯಾಂಕರುಗಳು ಬರತೊಡಗಿದವು. ಮೊದಲ ಗಾಡಿಯ ವಾಲ್ವ್ ತೆರೆದಾಗ ಹಸಿ ಮಣ್ಣಿನಂಥ ವಾಸನೆ ಬಂತು. ಜೀವ ಇರುವ ಸ್ಲಡ್ಜಿನ ವಾಸನೆ ಅದು, ನಾರುವುದಿಲ್ಲ. ಒಂದು ಗಾಡಿ ಹುಣಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಅದರ ಬಾಯಿ ತೆರೆದ ಕೂಡಲೇ ಕೊಳೆತ ಮೊಟ್ಟೆಯ ನಾತ ಹೊಡೆಯಿತು. ಅದನ್ನು ತೊಟ್ಟಿಗೆ ಬಿಡಲಿಲ್ಲ.

ಮುಂದಿನ ದಿನಗಳು ಕಾಯುವುದರಲ್ಲೇ ಕಳೆದವು. ಬೆಳಿಗ್ಗೆ ಮೀಟರ್ ನೋಡುವುದು, ಮೈಕ್ರೋಸ್ಕೋಪ್ ನೋಡುವುದು, ಏರಿಗೆ ಹೋಗಿ ಲಗೂನು ನೋಡುವುದು. ನೀರು ಮೇಲಿನ ಸಾಲಿನ ಕಲ್ಲುಗಳನ್ನು ಮುಟ್ಟಿತ್ತು. ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಹೆಂಗಸೊಬ್ಬಳು ದಿನವೂ ಬಂದು ಕೆರೆಯ ಕಡೆಯ ಮುಚ್ಚಿದ ಗೇಟಿನ ಹತ್ತಿರ ಕೂರುತ್ತಿದ್ದಳು. ಅವಳೂ ಅವಳ ಗಂಡನೂ ಆಗಷ್ಟೇ ಮೀನಿನ ಮರಿ ಬಿಟ್ಟಿದ್ದರು.

"ಇವತ್ತು ಬುಡ್ತೀರಾ ಮೇಡಂ?" ಎಂದು ಕೇಳುತ್ತಿದ್ದಳು.

"ಇವತ್ತು ಬಿಡಲ್ಲ ಕಣಮ್ಮ."

"ನಾಳೆ?"

ನಾನು ಏರಿಯ ಕಡೆ ಹೊರಡುತ್ತಿದ್ದೆ.

ಒಂದು ಮಧ್ಯಾಹ್ನ ಚಾಮುಂಡಿ ಬೆಟ್ಟದ ಮೇಲೆ ಮೋಡ ಕಪ್ಪಾಗಿ ಕಟ್ಟಿತು. ಒಂದು ಜೋರು ಮಳೆ ಸಾಕಿತ್ತು, ಲಗೂನು ತುಂಬಿ ಹರಿಯಲು. ಇಂಜಿನಿಯರ್ ಗೇಟಿನ ಚಕ್ರದ ಹತ್ತಿರ ಆಪರೇಟರನ್ನು ನಿಲ್ಲಿಸಿ, ತಾವು ಕೈ ತೋರಿಸಿದರೆ ತಿರುಗಿಸಬೇಕು ಎಂದಿದ್ದರು. ಮೀನಿನವಳು ಎದ್ದು ನಿಂತಳು. ಗಾಳಿ ಬೀಸಿತು, ನಾಲ್ಕು ದೊಡ್ಡ ಹನಿ ಬಿದ್ದವು. ನಾನು ಅಲ್ಲಿ ನಿಲ್ಲಲಾರದೆ ಗಾಳಿ ತೊಟ್ಟಿಯ ಮೇಲಿನ ಕಟ್ಟೆಗೆ ಹೋದೆ. ಮೀಟರ್ ನೋಡಿದೆ. ಆಕ್ಸಿಜನ್ ಬೆಳಿಗ್ಗೆಗಿಂತ ಇಳಿದಿತ್ತು. ಮೀಟರ್ ಕೆಟ್ಟಿರಬೇಕೆಂದು ಇನ್ನೊಂದನ್ನು ತಂದು ಅದ್ದಿದೆ. ಅದೂ ಅಷ್ಟನ್ನೇ ತೋರಿಸಿತು. ಅವು ಉಸಿರಾಡುತ್ತಿದ್ದವು.

ಓಡಿಬಂದು ಹೊರನೀರಿನ ಅಮೋನಿಯಾ ನೋಡಿದೆ. ಪೂರ್ತಿ ಹೋಗಿರಲಿಲ್ಲ, ಆದರೆ ಅರ್ಧಕ್ಕೂ ಕಡಿಮೆಯಾಗಿತ್ತು. ಮಳೆ ಬೆಟ್ಟದ ಆಚೆಗೆ ಸರಿದುಹೋಯಿತು. ಗೇಟಿನ ಚಕ್ರವನ್ನು ಅವತ್ತು ಯಾರೂ ತಿರುಗಿಸಲಿಲ್ಲ. ಏರಿಯ ಮೇಲೆ ಮರಳಿನ ಚೀಲ ಪೇರಿಸಿ ಇನ್ನೂ ಕೆಲವು ದಿನ ದೂಡಿ, ಅಮೋನಿಯಾ ಮೊದಲಿನ ಮಟ್ಟಕ್ಕೆ ಇಳಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಕೆರೆಗೆ ಬಿಟ್ಟೆವು. ಲಗೂನಿನ ನೀರನ್ನು ಮತ್ತೆ ತೊಟ್ಟಿಗೇ ಹಾಯಿಸಿ ಶುದ್ಧ ಮಾಡಿದೆವು. ಮೀನಿನವಳು ಮೊಣಕಾಲುದ್ದ ನೀರಲ್ಲಿ ನಿಂತು ನೋಡುತ್ತಿದ್ದಳು. ಒಂದು ಮರಿಯೂ ಮೇಲೆ ತೇಲಲಿಲ್ಲ. ರಂಜಕ ನುಂಗುವ ಜಾತಿ ಎಲ್ಲಕ್ಕಿಂತ ಕೊನೆಗೆ ಚೇತರಿಸಿಕೊಂಡಿತು.

ಅಧಿಕಾರಿಗಳು ಶೆಡ್ಡಿಗೆ ಬೀಗ ಹಾಕಿದರು. ಮೈದುನನ ಟ್ಯಾಂಕರಿನ ಪರವಾನಗಿಯನ್ನು ಕೆಲವು ತಿಂಗಳು ತಡೆಹಿಡಿದರು. ಅವನೇ ಬಂದು ಹೇಳಿದ್ದರಿಂದ ರದ್ದು ಮಾಡಲಿಲ್ಲ. ಅಷ್ಟು ತಿಂಗಳೂ ಅವನು ಬೇರೆಯವರ ಲಾರಿ ಓಡಿಸಿದ. ಮನೆಗೆ ಬಂದರೆ ನನ್ನೊಡನೆ ಮಾತಿಲ್ಲ. ಅತ್ತೆ ನಾನು ಬಡಿಸಿದ್ದನ್ನು ಉಣ್ಣುತ್ತಿರಲಿಲ್ಲ, ತಾವೇ ಬೇರೆ ಪಾತ್ರೆಯಲ್ಲಿ ಮಾಡಿಕೊಳ್ಳುತ್ತಿದ್ದರು. ಗಂಡ ಒಮ್ಮೆ, "ನೀನು ಮಾಡಿದ್ದು ಸರಿ. ಆದ್ರೆ ಅವನ ಮುಖ ನೋಡೋಕಾಗಲ್ಲ ನಂಗೆ" ಎಂದರು.

ಒಂದು ಸಂಜೆ ನಾನು ಕೆಲಸದಿಂದ ಬಂದು ಸುಸ್ತಾಗಿ ಜಗುಲಿಯ ಮೇಲೆ ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತು ಕೇಳಿದರು.

"ಅವು ಕಣ್ಣಿಗೆ ಕಾಣ್ತವೇನವ್ವಾ, ನಿಮ್ ತೊಟ್ಟೀಲಿರೋವು?"

"ಬರಿಗಣ್ಣಿಗೆ ಕಾಣಲ್ಲ ಅತ್ತೆ."

"ಕಾಣ್ದಿದ್ದಕ್ಕೋಸ್ಕರ ಕಾಣೋರ ಜೊತೆ ಜಗಳ ಆಡ್ದಲ್ಲ" ಎಂದರು. ಬೈದರೋ, ಇನ್ನೇನೋ, ನನಗೆ ತಿಳಿಯಲಿಲ್ಲ. ಆದರೆ ಎದ್ದು ಹೋಗುವಾಗ, "ಬಾ, ಮುದ್ದೆ ಆರೋಯ್ತದೆ" ಎಂದು ಕರೆದರು. ಅವತ್ತಿನಿಂದ ಒಂದೇ ಪಾತ್ರೆಯಲ್ಲಿ ಅಡುಗೆಯಾಯಿತು. ಮೈದುನ ಮಾತಾಡಲು ಅದಾದ ಮೇಲೂ ಸುಮಾರು ದಿನ ಹಿಡಿಯಿತು. ಈಗ ಮಾತಾಡುತ್ತಾನೆ, ಬೇಕಾದಷ್ಟೇ.